ನ್ಯೂಪೋರ್ಟಿನ ಅರಮನೆಯೂ ದಾರಿಬದಿಯ ಕಲ್ಲೂ

ಮನೆಯ ಯಜಮಾನನಾದವನಿಗೆ ನ್ಯಾಯಸ್ಥಾನದ ಎರಡು ಮಾತುಗಳು ಚೆನ್ನಾಗಿ ಪರಿಚಿತವಾಗಿರುತ್ತವೆ. ಒಂದು ಪಿತ್ರಾರ್ಜಿತ, ಇನ್ನೊಂದು ಸ್ವಯಾರ್ಜಿತ. ಹಿರಿಯರಿಂದ ಬಂದುದು ಮೊದಲನೆಯದು. ತಾನೇ ದುಡಿದು ಸಂಪಾದಿಸಿದುದು ಎರಡನೆಯದು. ಮೊದಲನೆಯದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕುಂಟು. ಎರಡನೆಯದನ್ನು ಯಜಮಾನನು ತನಗೆ ಇಷ್ಟಬಂದವರಿಗೆ ಬರೆದುಕೊಡಬಹುದು. ಈ ಭೇದವನ್ನು ನಾನು ಬಹುಕಾಲದಿಂದ ಬಲ್ಲೆನಾದರೂ ಅದರ ನಿಜವಾದ ಅರ್ಥವು ನನಗೆ ತಿಳಿದುದು ಕಳೆದ ಬೇಸಿಗೆಯಲ್ಲಿ, ಏಳು ಸಮುದ್ರಗಳ ಆಚೆ, ಅಮೆರಿಕದ ಕೋಟ್ಯಧೀಶ್ವರನೊಬ್ಬನ ಮನೆಯನ್ನು ನೋಡಿದಾಗ. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಹಿರಿಯ ಮಗನು ಬಾಸ್ಟನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ನಮ್ಮ ಒಪ್ಪಿಗೆಯಿಲ್ಲದೆ ವಿವಾಹವಾದುದರಿಂದ ಆರು ವರ್ಷಗಳ ಕಾಲ ನಾನು ಅವನೊಡನೆ ಮಾತನಾಡಿರಲಿಲ್ಲ. ಮೊಮ್ಮಗಳು ಹುಟ್ಟಿದ ಮೇಲೆ ನಮ್ಮ ಮನೆಯವರ ಬಲವಂತಕ್ಕೆ ಕಟ್ಟುಬಿದ್ದು ವಿಮಾನವನ್ನು ಹತ್ತಿದೆನು. ಮಗನೂ ಸೊಸೆಯೂ ಆದರದಿಂದಲೇ ಕಂಡರು. ಆದರೂ ಅಪ್ಪಮಕ್ಕಳ ನಡುವೆ ಒಂದು ತೆರೆಯು ಹಾಗೆಯೇ ಇಳಿಬಿದ್ದಿತ್ತು. ಒಂದು ಭಾನುವಾರ ಬೆಳಗ್ಗೆ ಅವನೇ, "ಅಪ್ಪಾ, ಇಲ್ಲಿಂದ ಎಪ್ಪತ್ತು ಮೈಲಿ ದೂರದಲ್ಲಿ ನ್ಯೂಪೋರ್ಟ್ ಎಂಬ ಊರಿದೆ. ಹಳೆಯ ಕಾಲದ ಶ್ರೀಮಂತರ ಮನೆಗಳಿವೆ. ನೋಡಿ ಬರೋಣವೆ?" ಎಂದನು. ಹೊರಟೆವು.

ಸಮುದ್ರದಂಡೆಯ ಊರು

ನ್ಯೂಪೋರ್ಟ್ ಪಟ್ಟಣವು ರೋಡ್ ಐಲೆಂಡ್ ಎಂಬ ಸಂಸ್ಥಾನದಲ್ಲಿದೆ. ಸಂಯುಕ್ತ ಸಂಸ್ಥಾನಗಳಲ್ಲೆಲ್ಲ ವಿಸ್ತಾರದಲ್ಲಿ ಅತ್ಯಂತ ಚಿಕ್ಕದು ಇದೇ. ಸೇತುವೆಯನ್ನು ದಾಟಿ ಅಕ್ವಿಡ್ನೆಕ್ ದ್ವೀಪಕ್ಕೆ ಬಂದು, ಪೋರ್ಟ್ಸ್‌ಮತ್ ಎಂಬ ಹಸುರು ಸೀಮೆಯನ್ನು ಹಾದು ದಕ್ಷಿಣದ ತುದಿಗೆ ಹೋದರೆ ಈ ಊರು ಸಿಕ್ಕುತ್ತದೆ. ಒಂದು ಕಡೆಯಲ್ಲಿ ಹಡಗುಗಳು ತಂಗುವ ಬಂದರು. ಇನ್ನೊಂದು ಕಡೆಯಲ್ಲಿ ತೆರೆಗಳು ಬಂದು ಅಪ್ಪಳಿಸುವ ಬಂಡೆಯ ಅಂಚು. ಆ ಅಂಚಿನ ಮೇಲೆ ಮೂರೂವರೆ ಮೈಲಿ ಉದ್ದದ ಕಾಲುದಾರಿಯೊಂದಿದೆ. ಎಡಕ್ಕೆ ಅಟ್ಲಾಂಟಿಕ್ ಮಹಾಸಾಗರವನ್ನೂ ಬಲಕ್ಕೆ ಅರಮನೆಗಳ ಹಿತ್ತಲನ್ನೂ ನೋಡುತ್ತ ಯಾರು ಬೇಕಾದರೂ ಅದರ ಮೇಲೆ ನಡೆಯಬಹುದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಧನಿಕರು ಬೇಸಿಗೆಯನ್ನು ಕಳೆಯುವುದಕ್ಕೆ ಇಲ್ಲಿಗೆ ಬರುತ್ತಿದ್ದರು. ವರ್ಷದಲ್ಲಿ ಎರಡು ತಿಂಗಳು, ಹೆಚ್ಚೆಂದರೆ ಎರಡೂವರೆ ತಿಂಗಳ ವಾಸ. ಅಷ್ಟಕ್ಕಾಗಿ ಅವರು ಕಟ್ಟಿಸಿದ ಸೌಧಗಳನ್ನು ನೋಡಿದರೆ ಕಣ್ಣು ಕುಕ್ಕುತ್ತದೆ. ವಿನೋದವೇನೆಂದರೆ ಇವುಗಳನ್ನು ಅವರು ಕುಟೀರಗಳೆಂದು ಕರೆಯುತ್ತಿದ್ದರು! ಅವುಗಳಲ್ಲೆಲ್ಲ ದೊಡ್ಡದು 'ದಿ ಬ್ರೇಕರ್ಸ್'. ದಡಕ್ಕೆ ಬಡಿದು ಒಡೆಯುವ ಅಲೆಗಳೆಂದು ಆ ಹೆಸರಿನ ಅರ್ಥ. ಮೊದಲು ಅಲ್ಲಿದ್ದ ಮರದ ಮನೆಯು ೧೮೯೨ರಲ್ಲಿ ಸುಟ್ಟುಹೋಗಲು, ಮನೆಯೊಡೆಯನಾದ ಎರಡನೆಯ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟನು ಇನ್ನು ಬೆಂಕಿಯ ಭಯವೇ ಇರಕೂಡದೆಂದು ಕಲ್ಲು, ಇಟ್ಟಿಗೆ, ಉಕ್ಕುಗಳಿಂದಲೇ ಹೊಸ ಮನೆಯನ್ನು ಕಟ್ಟಿಸಿದನು. ರಿಚರ್ಡ್ ಮಾರಿಸ್ ಹಂಟ್ ಎಂಬ ಪ್ರಸಿದ್ಧ ಶಿಲ್ಪಿಯು ಇಟಲಿಯ ಅರಮನೆಗಳ ಮಾದರಿಯಲ್ಲಿ ಇದನ್ನು ರಚಿಸಿದನು. ೧೮೯೫ರಲ್ಲಿ ಕೆಲಸವು ಮುಗಿಯಿತು.

ಈಗ ಈ ಮನೆಯು ನ್ಯೂಪೋರ್ಟಿನ ಪುರಾತನ ಕಟ್ಟಡಗಳನ್ನು ಕಾಪಾಡುವ ಸಂಘವೊಂದರ ಸ್ವತ್ತು. ೧೯೪೮ರಲ್ಲಿ ಕಾರ್ನೀಲಿಯಸನ ಕಿರಿಯ ಮಗಳು ಇದನ್ನು ವರ್ಷಕ್ಕೆ ಒಂದೇ ಒಂದು ಡಾಲರಿನ ಗೇಣಿಗೆ ಸಂಘಕ್ಕೆ ವಹಿಸಿದಳು. ೧೯೭೨ರಲ್ಲಿ ಸಂಘವು ಮನೆಯನ್ನು ಕೊಂಡುಕೊಂಡಿತು. ಹಣ ತೆತ್ತು ಚೀಟಿ ಪಡೆದವರೆಲ್ಲರೂ ಒಳಕ್ಕೆ ಹೋಗಬಹುದು.

ಎಪ್ಪತ್ತು ಕೋಣೆಗಳು

ಒಳಗೆ ಕಾಲಿಟ್ಟೊಡನೆ ನಡುಮನೆ. ಅದರ ಎತ್ತರವನ್ನು ನೋಡಬೇಕಾದರೆ ತಲೆಯನ್ನು ಪೂರ್ತಿಯಾಗಿ ಹಿಂದಕ್ಕೆ ಬಾಗಿಸಬೇಕು. ಒಟ್ಟು ಎಪ್ಪತ್ತು ಕೋಣೆಗಳು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಳುಕಾಳುಗಳಿಗಾಗಿಯೇ ಇದ್ದುವು. ಬೆಳಗಿನ ಹೊತ್ತು ಕುಳಿತುಕೊಳ್ಳುವ ಕೋಣೆಯ ಗೋಡೆಗೆ ಬೆಳ್ಳಿಯ ತಗಡನ್ನು ಹೊದಿಸಿದೆಯೆಂದು ಬಹುಕಾಲ ತಿಳಿದಿದ್ದರಂತೆ. ಪರೀಕ್ಷೆ ಮಾಡಿ ನೋಡಿದಾಗ ಅದು ಬೆಳ್ಳಿಯಲ್ಲ, ಪ್ಲಾಟಿನಮ್ ಎಂದು ತಿಳಿಯಬಂತು. ಸ್ನಾನದ ಮನೆಯ ತೊಟ್ಟಿಗೆ ನಾಲ್ಕು ನಲ್ಲಿಗಳಿವೆ. ಸಿಹಿನೀರಿನ ಬಿಸಿಗೊಂದು, ತಣ್ಣೀರಿಗೊಂದು. ಸಮುದ್ರದ ಉಪ್ಪುನೀರಿನ ಬಿಸಿಗೊಂದು, ತಣ್ಣೀರಿಗೊಂದು.

ನಮ್ಮ ಮನೆಯವರು ಇವೆಲ್ಲವನ್ನೂ ನಿಧಾನವಾಗಿ ನೋಡಿ, "ಇಷ್ಟೆಲ್ಲ ಕಟ್ಟಿಸಿದವನು ಎಷ್ಟು ವರ್ಷ ಬಾಳಿದ?" ಎಂದು ಕೇಳಿದರು. ಮನೆಯು ಮುಗಿದ ಮರುವರ್ಷವೇ ಕಾರ್ನೀಲಿಯಸನಿಗೆ ಲಕ್ವ ಹೊಡೆಯಿತು. ೧೮೯೯ರ ಸೆಪ್ಟೆಂಬರ್ ತಿಂಗಳಿನಲ್ಲಿ ಐವತ್ತೈದನೆಯ ವಯಸ್ಸಿಗೆ ಅವನು ತೀರಿಹೋದನು. ಮೈಯಲ್ಲಿ ಸ್ವಸ್ಥನಾಗಿ ಅವನು ಇಲ್ಲಿ ಕಳೆದುದು ಒಂದೇ ಬೇಸಿಗೆ ಎಂದರೂ ಸಲ್ಲುತ್ತದೆ.

ಪುಸ್ತಕದ ಕೋಣೆಯಲ್ಲಿ ಒಂದು ದೊಡ್ಡ ಕಲ್ಲಿನ ಅಗ್ಗಿಷ್ಟಿಕೆಯಿದೆ. ಫ್ರಾನ್ಸ್ ದೇಶದ ಬರ್ಗಂಡಿಯ ಕೋಟೆಮನೆಯೊಂದರಿಂದ ಕಿತ್ತು ತಂದುದು, ಹದಿನಾರನೆಯ ಶತಮಾನದ್ದು. ಅದರ ಮೇಲೆ ಹಳೆಯ ಫ್ರೆಂಚಿನಲ್ಲಿ ಏನೋ ಕೆತ್ತಿದೆ. ಸಿರಿಸಂಪತ್ತನ್ನು ಕಂಡು ನಾನು ನಗುತ್ತೇನೆ, ಅದಿಲ್ಲವೆಂಬ ಕೊರಗು ನನಗಿಲ್ಲ, ಕಟ್ಟಕಡೆಗೆ ಲೆಕ್ಕಕ್ಕೆ ಬರುವುದು ವಿವೇಕವೊಂದೇ ಎಂಬುದು ಅದರ ಭಾವವಂತೆ. ಜಗತ್ತಿನಲ್ಲೇ ಅತ್ಯಂತ ಶ್ರೀಮಂತ ಮನೆತನಗಳಲ್ಲಿ ಒಂದು ಪ್ರತಿ ಬೇಸಿಗೆಯಲ್ಲಿಯೂ ಈ ಬರಹದ ಮುಂದೆ ಕುಳಿತು ಕಾಲ ಕಳೆಯಿತು!

ಅಪ್ಪನ ಉಯಿಲು

ಈ ಸಂಪತ್ತಿನ ಮೂಲವು ಹೀಗಿದೆ. ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಎಂಬವನು ೧೭೯೪ರಲ್ಲಿ ನ್ಯೂಯಾರ್ಕಿನ ಬಳಿಯ ಸ್ಟೇಟನ್ ಐಲೆಂಡಿನಲ್ಲಿ ಹುಟ್ಟಿದನು. ಓದು ಅಷ್ಟಕ್ಕಷ್ಟೆ. ಹದಿನಾರನೆಯ ವಯಸ್ಸಿನಲ್ಲಿ ತಾಯಿಯಿಂದ ನೂರು ಡಾಲರು ಸಾಲ ಪಡೆದು ಒಂದು ಹಾಯಿದೋಣಿಯನ್ನು ಕೊಂಡು ಜನರನ್ನು ಹೊಳೆ ದಾಟಿಸುತ್ತಿದ್ದನು. ದೋಣಿಯಿಂದ ಉಗಿಹಡಗು, ಉಗಿಹಡಗಿನಿಂದ ರೈಲುದಾರಿ, ಹೀಗೆ ಏರುತ್ತ ಹೋಗಿ ೧೮೭೭ರ ಜನವರಿಯಲ್ಲಿ ತೀರಿಕೊಂಡಾಗ ಸುಮಾರು ಹತ್ತು ಕೋಟಿ ಡಾಲರುಗಳನ್ನು ಬಿಟ್ಟುಹೋದನು. ಅದರ ಬಹುಭಾಗವನ್ನು ಪಡೆದ ಮಗನು ಎಂಟೇ ವರ್ಷಗಳಲ್ಲಿ ಅದನ್ನು ಇಮ್ಮಡಿ ಮಾಡಿದನು. ಬ್ರೇಕರ್ಸನ್ನು ಕಟ್ಟಿಸಿದ ಎರಡನೆಯ ಕಾರ್ನೀಲಿಯಸನು ಇವನ ಹಿರಿಯ ಮಗ.

ಈ ಎರಡನೆಯ ಕಾರ್ನೀಲಿಯಸನ ಗಂಡುಮಕ್ಕಳಲ್ಲಿ ಹಿರಿಯವನು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗಲೇ ೧೮೯೨ರಲ್ಲಿ ವಿಷಮಶೀತಜ್ವರದಿಂದ ಮಡಿದನು. ಎರಡನೆಯವನು ಮೂರನೆಯ ಕಾರ್ನೀಲಿಯಸ್. ಇವನು ಗ್ರೇಸ್ ವಿಲ್ಸನ್ ಎಂಬ ಕನ್ಯೆಯನ್ನು ಮೆಚ್ಚಿದನು. ತಂದೆಗೆ ಅದು ಸುತರಾಂ ಇಷ್ಟವಿರಲಿಲ್ಲ. ೧೮೯೬ರ ಬೇಸಿಗೆಯಲ್ಲಿ ಅಪ್ಪಮಕ್ಕಳಿಗೆ ಘೋರವಾದ ಜಗಳವಾಯಿತು. ತಂದೆಗೆ ಲಕ್ವ ಹೊಡೆದುದು ಇದರ ಬೆನ್ನಿಗೇ. ಅದೇ ವರ್ಷ ಆಗಸ್ಟ್ ತಿಂಗಳಿನಲ್ಲಿ ಮಗನು ಆ ಕನ್ಯೆಯನ್ನೇ ಮದುವೆಯಾದನು. ಮೂರು ವರ್ಷಗಳ ಮೇಲೆ ತಂದೆಯ ಉಯಿಲನ್ನು ಓದಿದಾಗ ಈ ಮಗನಿಗೆ ಐದು ಲಕ್ಷ ಡಾಲರೂ ಹತ್ತು ಲಕ್ಷದ ನಿಧಿಯೊಂದರ ವರಮಾನವೂ ಮಾತ್ರ ಬಂದಿದ್ದುವು. ನಾಲ್ಕು ಕೋಟಿ ಡಾಲರುಗಳಷ್ಟು ದೊಡ್ಡ ಪಾಲು ಹೋದುದು ಅವನ ತಮ್ಮನಾದ ಆಲ್‌ಫ್ರೆಡ್ ಗ್ವಿನ್ ವ್ಯಾಂಡರ್‌ಬಿಲ್ಟನಿಗೆ.

ಈ ವೃತ್ತಾಂತವನ್ನು ನನ್ನ ಮಗನೇ ಗೋಡೆಯ ಮೇಲಿನ ಚಿತ್ರಪಟಗಳ ಕೆಳಗೆ ನಿಂತು ನಮಗೆ ವಿವರಿಸುತ್ತಿದ್ದನು. ಹೇಳುತ್ತ ಹೇಳುತ್ತ ಅವನ ದನಿಯು ತಗ್ಗಿತು. ನಾನೂ ಬೇರೆ ಕಡೆಗೆ ಮುಖವನ್ನು ತಿರುಗಿಸಿದೆನು. ಏಕೆಂದರೆ ನಮ್ಮ ಊರಿನ ವಕೀಲರ ಬೀರುವಿನಲ್ಲಿ ನನ್ನದೂ ಒಂದು ಉಯಿಲು ಇದ್ದಿತು. ನಾನು ದುಡಿದು ಕಟ್ಟಿಸಿದ ಮನೆಯನ್ನು ಕಿರಿಯ ಮಗನೊಬ್ಬನಿಗೇ ಅದರಲ್ಲಿ ಬರೆದಿಟ್ಟಿದ್ದೆನು. ಹಿರಿಯವನಿಗೆ ಅದು ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಇಪ್ಪತ್ತೊಂದು ವರ್ಷದ ಕೋಟ್ಯಧೀಶ್ವರ

ಆಲ್‌ಫ್ರೆಡನು ಹುಟ್ಟಿದುದು ೧೮೭೭ರ ಅಕ್ಟೋಬರ್ ೨೦ರಂದು, ಮುತ್ತಜ್ಜನು ತೀರಿಹೋದ ವರ್ಷದಲ್ಲಿಯೇ. ೧೮೯೯ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಓದನ್ನು ಮುಗಿಸಿ ಗೆಳೆಯರೊಡನೆ ಭೂಪ್ರದಕ್ಷಿಣೆಗೆ ಹೊರಟು ಜಪಾನಿನಲ್ಲಿದ್ದಾಗ ತಂದೆಯ ಮರಣದ ಸುದ್ದಿಯು ತಲುಪಿತು. ಊರಿಗೆ ಮರಳಿದ ತರುಣನಿಗೆ ಇನ್ನೂ ಇಪ್ಪತ್ತೆರಡು ತುಂಬುವುದರಲ್ಲಿತ್ತು. ಅಣ್ಣನನ್ನು ಮೀರಿ ತಾನು ಮನೆತನದ ಮುಖ್ಯನಾಗಿದ್ದನು.

ಇಲ್ಲಿ ಅವನು ಒಂದು ಒಳ್ಳೆಯ ಕೆಲಸವನ್ನು ಮಾಡಿದನು. ತನ್ನ ಪಾಲಿನಿಂದ ಅರವತ್ತು ಲಕ್ಷ ಡಾಲರುಗಳನ್ನು ತಾನಾಗಿಯೇ ಅಣ್ಣನಿಗೆ ಬಿಟ್ಟುಕೊಟ್ಟನು. ಇದರಿಂದ ಅಣ್ಣನ ಪಾಲು ಒಡಹುಟ್ಟಿದ ಉಳಿದವರ ಪಾಲಿಗೆ ಸಮನಾಯಿತು. ಕಾಯಿದೆಯು ಅವನನ್ನು ಹಾಗೆ ಮಾಡೆಂದು ಹೇಳಿರಲಿಲ್ಲ. ಆದರೆ ಒಡೆದ ಮನಸ್ಸು ಹಣದಿಂದ ಕೂಡಿತೆ? ಇಲ್ಲ. ಅಣ್ಣತಮ್ಮಂದಿರ ನಡುವಿನ ವಿಶ್ವಾಸವು ಹೋದದ್ದು ಹೋಯಿತು. ತಂದೆಯು ಒಂದು ಕಾಗದದ ಮೇಲೆ ಮಾಡಿದ ಗಾಯವನ್ನು ಮಗನು ಅರವತ್ತು ಲಕ್ಷದಿಂದಲೂ ಮಾಯಿಸಲಾರದೆ ಹೋದನು.

ಹಿರಿಯಣ್ಣನ ಮುಂದಿನ ಬಾಳೂ ಕೇಳತಕ್ಕದ್ದೇ. ಅವನು ಯಂತ್ರಶಾಸ್ತ್ರವನ್ನು ಅಭ್ಯಾಸ ಮಾಡಿ, ರೈಲು ಎಂಜಿನುಗಳನ್ನು ಸುಧಾರಿಸುವ ಹಲವು ಹೊಸ ಸಾಧನಗಳನ್ನು ಕಂಡುಹಿಡಿದು ಹಕ್ಕುಪತ್ರಗಳನ್ನು ಪಡೆದನು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಗೇಡಿಯರ್ ಜನರಲ್ ಪದವಿಗೆ ಏರಿದನು. ಉಯಿಲಿನಲ್ಲಿ ಸೋತವನು ಸ್ವಯಾರ್ಜಿತದಲ್ಲಿ ಗೆದ್ದನು ಎನ್ನಬಹುದು. ಗೆದ್ದ ತಮ್ಮನಿಗೆ ಮಾತ್ರ ಇನ್ನು ಗಳಿಸಬೇಕಾದುದೇನೂ ಉಳಿದಿರಲಿಲ್ಲ. ಅದೇ ಅವನ ಕಷ್ಟ.

ಆಲ್‌ಫ್ರೆಡನು ಕೆಲವು ಕಾಲ ಮನೆತನದ ರೈಲು ಕಚೇರಿಯಲ್ಲಿ ಗುಮಾಸ್ತನಾಗಿ ಕುಳಿತು ಕೆಲಸವನ್ನು ಕಲಿಯಲು ನೋಡಿದನು. ಆದರೆ ಅವನ ಮನಸ್ಸೆಲ್ಲ ಕುದುರೆಗಳ ಮೇಲೆ. ನಾವು ಹಾದು ಬಂದ ಪೋರ್ಟ್ಸ್‌ಮತ್ ಸೀಮೆಯಲ್ಲಿ ಅವನಿಗೆ ಓಕ್‌ಲೆಂಡ್ ಎಂಬ ದೊಡ್ಡ ಹೊಲಮನೆಯಿತ್ತು. ಅವನ ಕುದುರೆಲಾಯವು ದೇಶದಲ್ಲೆಲ್ಲ ಹೆಸರಾಗಿತ್ತು. ೧೯೦೧ರಲ್ಲಿ ಆಡಿರಾಂಡಾಕ್ ಬೆಟ್ಟಗಳ ಕಾಡಿನ ನಡುವೆ ಸರೋವರದ ದಂಡೆಯ ಮೇಲಿನ ಸಾಗಮೋರ್ ಎಂಬ ಮರದ ಮನೆಯನ್ನು ಕೊಂಡು ಅದನ್ನು ಬೇಟೆ ವಿಹಾರಗಳಿಗೆ ಇಟ್ಟುಕೊಂಡನು. ಆ ಮನೆಯು ಇಂದಿಗೂ ಇದೆ. ಪ್ರವಾಸಿಗಳು ಹೋಗಿ ತಂಗಬಹುದು. ನ್ಯೂಪೋರ್ಟಿನ ಪೇಟೆಯಲ್ಲಿ ತಂದೆಯ ಹೆಸರಿನಲ್ಲಿ ಕ್ರೈಸ್ತ ತರುಣರ ಸಂಘಕ್ಕೆ ಒಂದು ಕಟ್ಟಡವನ್ನು ಕಟ್ಟಿಸಿಕೊಟ್ಟನು. ಅದನ್ನೂ ನೋಡಿದೆವು. ಈಗ ಅದು ಹೋಟೆಲಾಗಿದೆ.

ಅವನ ಬಾಳಿನ ಕಪ್ಪು ಭಾಗವನ್ನು ಮುಚ್ಚಿಡುವುದು ನ್ಯಾಯವಲ್ಲ. ೧೯೦೧ರಲ್ಲಿ ಎಲೆನ್ ಫ್ರೆಂಚ್ ಎಂಬವಳನ್ನು ನ್ಯೂಪೋರ್ಟಿನಲ್ಲಿಯೇ ಮದುವೆಯಾದನು; ಒಂದು ಗಂಡುಮಗುವಾಯಿತು. ಪರರ ಪತ್ನಿಯೊಬ್ಬಳೊಡನೆ ಅವನ ಸಂಬಂಧವು ಹೊರಬೀಳಲು ೧೯೦೮ರಲ್ಲಿ ಎಲೆನಳು ವಿವಾಹವಿಚ್ಛೇದವನ್ನು ಪಡೆದಳು. ಮರುವರ್ಷ ಆ ಇನ್ನೊಬ್ಬ ಹೆಂಗಸು ಲಂಡನ್ನಿನಲ್ಲಿ ಪ್ರಾಣವನ್ನು ಕಳೆದುಕೊಂಡಳು. ಕೋಟಿಗಟ್ಟಲೆ ಹಣವು ಎರಡು ಸಂಸಾರಗಳನ್ನು ಉಳಿಸಲಾರದೆ ಹೋಯಿತು. ಇಷ್ಟನ್ನು ಕೇಳಿದ ನಮ್ಮ ಮನೆಯವರು, "ಅಯ್ಯೋ, ಆ ಹೆಣ್ಣುಮಕ್ಕಳ ಗತಿ!" ಎಂದು ನಿಟ್ಟುಸಿರು ಬಿಟ್ಟರೇ ಹೊರತು ಬೇರೇನನ್ನೂ ಹೇಳಲಿಲ್ಲ. ೧೯೧೧ರಲ್ಲಿ ಅವನು ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಎಮರ್ಸನ್ ಎಂಬವಳನ್ನು ಎರಡನೆಯ ಮದುವೆಯಾದನು, ಇಬ್ಬರು ಗಂಡುಮಕ್ಕಳಾದರು.

ನಾಲ್ಕು ಕುದುರೆಯ ಬಂಡಿ

ರೈಲಿನ ಒಡೆಯರ ಮನೆಯಲ್ಲಿ ಹುಟ್ಟಿದವನಿಗೆ ಕುದುರೆಬಂಡಿಯ ಹುಚ್ಚು! ಇಂಗ್ಲೆಂಡಿನಲ್ಲಿ ಲಂಡನ್ನಿಗೂ ಸಮುದ್ರತೀರದ ಬ್ರೈಟನ್ನಿಗೂ ನಡುವೆ ಐವತ್ತು ಮೈಲಿಗೂ ಮೀರಿದ ದಾರಿಯಿದೆ. ಹಿಂದಿನ ಕಾಲದಲ್ಲಿ ಅದರ ಮೇಲೆ ನಾಲ್ಕು ಕುದುರೆಗಳನ್ನು ಹೂಡಿದ ಬಂಡಿಗಳು ಟಪಾಲನ್ನೂ ಪ್ರಯಾಣಿಕರನ್ನೂ ಹೊತ್ತು ಓಡುತ್ತಿದ್ದುವು. ೧೮೪೧ರಲ್ಲಿ ರೈಲು ಬಂದ ಮೇಲೆ ಅವುಗಳ ಕಾಲವು ಮುಗಿಯಿತು. ಆದರೂ ಹಳೆಯ ವಿದ್ಯೆಯನ್ನು ಉಳಿಸಬೇಕೆಂದು ಕೆಲವು ಶ್ರೀಮಂತರು ಹವ್ಯಾಸಕ್ಕಾಗಿ ಅಂಥ ಬಂಡಿಗಳನ್ನು ನಡೆಸುತ್ತಿದ್ದರು. ಆಲ್‌ಫ್ರೆಡನು ೧೯೦೮ರಿಂದ ಮೊದಲುಗೊಂಡು 'ವೆಂಚರ್' ಎಂಬ ತನ್ನ ಬಂಡಿಯನ್ನು ಈ ದಾರಿಯಲ್ಲಿ ಓಡಿಸಿದನು. ಅಮೆರಿಕದಿಂದ ಹಡಗಿನಲ್ಲಿ ತರಿಸಿದ ಬೂದುಬಣ್ಣದ ಕುದುರೆಗಳು, ಹೊಡೆಯುವವನು ತಾನೇ. ದುಡ್ಡು ತೆತ್ತು ಯಾರು ಬೇಕಾದರೂ ಹತ್ತಬಹುದಾಗಿತ್ತು.

ಈ ವಿದ್ಯೆಯು ಸುಲಭವಾದುದಲ್ಲ. ನಾಲ್ಕೂ ಕುದುರೆಗಳ ಲಗಾಮುಗಳನ್ನು ಎಡಗೈಯೊಂದರ ಬೆರಳುಗಳ ನಡುವೆ ಹಿಡಿದು ಬಲಗೈಯಲ್ಲಿ ಚಾವಟಿಯನ್ನು ಹಿಡಿಯಬೇಕು. ಮುಂದಿನ ಜೋಡಿಯು ತಿರುವಿನಲ್ಲಿ ಹೊರಳುವಾಗ ಹಿಂದಿನ ಜೋಡಿಯು ನೇರವಾಗಿ ಎಳೆಯುತ್ತಿರಬೇಕು. ಬೆಟ್ಟ ಇಳಿಯುವಾಗ ಬಂಡಿಯ ಭಾರವು ಕುದುರೆಗಳ ಮೇಲೆ ಬೀಳಕೂಡದು. ಕೆಲವು ಮೈಲಿಗಳಿಗೊಮ್ಮೆ ದಣಿದ ಕುದುರೆಗಳನ್ನು ಬಿಚ್ಚಿ ಹೊಸ ಕುದುರೆಗಳನ್ನು ಹೂಡಬೇಕು. ಹಣದಿಂದ ಕುದುರೆಯನ್ನು ಕೊಳ್ಳಬಹುದು, ಕೈಹದವನ್ನು ಕೊಳ್ಳಲಾಗದು. ಹಿರಿಯರು ಬಿಟ್ಟುಹೋಗದೆ ಇದ್ದ ಒಂದು ವಸ್ತುವನ್ನು ಅವನು ಅಲ್ಲಿ ತಾನಾಗಿ ಗಳಿಸಿದನೆಂದು ನನಗೆ ತೋರುತ್ತದೆ. ಆ ದಾರಿಯನ್ನು ಅವನು ಅಷ್ಟು ಪ್ರೀತಿಸಿದುದಕ್ಕೆ ಅದೇ ಕಾರಣವಿರಬಹುದು.

ಹದಿನೆಂಟು ನಿಮಿಷ

೧೯೧೫ರ ಮೇ ೧ರಂದು ಆಲ್‌ಫ್ರೆಡನು ನ್ಯೂಯಾರ್ಕಿನಲ್ಲಿ ಲೂಸಿಟೇನಿಯ ಎಂಬ ಬ್ರಿಟಿಷ್ ಹಡಗನ್ನು ಹತ್ತಿದನು. ಯೂರೋಪಿನಲ್ಲಿ ಯುದ್ಧವು ನಡೆಯುತ್ತಿತ್ತು. ಅಮೆರಿಕವು ಇನ್ನೂ ಅದಕ್ಕೆ ಸೇರಿರಲಿಲ್ಲ. ಬ್ರಿಟನ್ನಿನ ಸುತ್ತಲಿನ ಸಮುದ್ರದಲ್ಲಿ ಶತ್ರುವಿನ ಹಡಗುಗಳು ನಾಶವಾಗಬಹುದೆಂದು ಜರ್ಮನ್ ರಾಯಭಾರಿಯ ಕಚೇರಿಯು ಆ ಬೆಳಗ್ಗೆಯೇ ಪತ್ರಿಕೆಗಳಲ್ಲಿ ಎಚ್ಚರಿಕೆಯನ್ನು ಪ್ರಕಟಿಸಿತ್ತು. ಹೆಚ್ಚು ಜನ ಅದನ್ನು ಲಕ್ಷಿಸಲಿಲ್ಲ. ಹಡಗಿನಲ್ಲಿ ಸುಮಾರು ೧,೯೬೦ ಜನರಿದ್ದರು. ತಳದಲ್ಲಿ ಬಂದೂಕಿನ ತೋಟಾಗಳ ಸಾವಿರಾರು ಪೆಟ್ಟಿಗೆಗಳೂ ಇದ್ದುವು. ಆಲ್‌ಫ್ರೆಡನೊಡನೆ ಅವನ ಪರಿಚಾರಕನಾದ ರೊನಾಲ್ಡ್ ಡೆನಿಯರನಿದ್ದನು. ಹೆಂಡತಿ ಮಕ್ಕಳು ಮನೆಯಲ್ಲಿಯೇ ಉಳಿದಿದ್ದರು.

ಮೇ ೭ರ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಐರ್ಲೆಂಡಿನ ದಕ್ಷಿಣದ ಕರಾವಳಿಯಲ್ಲಿ ಓಲ್ಡ್ ಹೆಡ್ ಆಫ್ ಕಿನ್‌ಸೇಲ್ ಎಂಬ ಭೂಶಿರವು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ಆಗ ಯು-೨೦ ಎಂಬ ಜರ್ಮನ್ ಜಲಾಂತರ್ಗಾಮಿಯು ಬಿಟ್ಟ ಒಂದು ಟಾರ್ಪಿಡೊ ಹಡಗಿನ ಬಲಪಕ್ಕಕ್ಕೆ ತಗುಲಿತು. ಅದರ ಹಿಂದೆಯೇ ಒಳಗಿನಿಂದ ಇನ್ನೊಂದು ಸ್ಫೋಟವು ಕೇಳಿಸಿತು. ಹಡಗು ಒಂದು ಪಕ್ಕಕ್ಕೆ ವಾಲಿಬಿಟ್ಟುದರಿಂದ ದೋಣಿಗಳನ್ನು ನೀರಿಗೆ ಇಳಿಸುವುದೇ ಅಸಾಧ್ಯವಾಯಿತು. ನಲವತ್ತೆಂಟು ದೋಣಿಗಳಲ್ಲಿ ಸರಿಯಾಗಿ ಇಳಿದುವು ಆರೇ. ಹದಿನೆಂಟು ನಿಮಿಷಗಳಲ್ಲಿ ಹಡಗು ಮುಳುಗಿತು. ಸುಮಾರು ೧,೨೦೦ ಜನರು ಸತ್ತರು.

ಆ ಹದಿನೆಂಟು ನಿಮಿಷಗಳಲ್ಲಿ ಆಲ್‌ಫ್ರೆಡನು ಏನು ಮಾಡಿದನೆಂಬುದನ್ನು ಬದುಕಿ ಬಂದವರು ಹೇಳಿದರು. ಮಾತುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ತಿರುಳು ಒಂದೇ. ಅವನು ತನ್ನ ಪರಿಚಾರಕನನ್ನು ಕರೆದು ಸಿಕ್ಕಸಿಕ್ಕ ಮಕ್ಕಳನ್ನೆಲ್ಲ ಹುಡುಕಿ ತರುವಂತೆ ಹೇಳಿದನು. ಯಜಮಾನನೂ ಆಳೂ ಒಂದೊಂದು ತೋಳಿಗೆ ಒಂದೊಂದು ಮಗುವನ್ನು ಎತ್ತಿಕೊಂಡು ವಾಲಿದ ಅಟ್ಟದ ಮೇಲೆ ಓಡಿಯಾಡಿ ದೋಣಿಗಳ ಬಳಿಗೆ ಸಾಗಿಸಿದರು. ತಾನು ತೊಟ್ಟಿದ್ದ ತೇಲುಪಟ್ಟಿಯನ್ನು ಬಿಚ್ಚಿ, ಪಟ್ಟಿಯಿಲ್ಲದೆ ನಿಂತಿದ್ದ ಒಬ್ಬ ಹೆಂಗಸಿಗೆ ಕಟ್ಟಿದನು. ಅವನಿಗೆ ಈಜು ಬರುತ್ತಿರಲಿಲ್ಲ. ಅವನು ಬದುಕಲಿಲ್ಲ, ಡೆನಿಯರನೂ ಬದುಕಲಿಲ್ಲ. ಆಲ್‌ಫ್ರೆಡನಿಗೆ ಮೂವತ್ತೇಳು ವರ್ಷ. ಅವನ ದೇಹವು ಸಿಕ್ಕಲೇ ಇಲ್ಲ.

ಹುಟ್ಟಿನೊಡನೆ ಬಂದ ಕವಚವನ್ನು ತನ್ನ ಕೈಯಿಂದಲೇ ಬಿಡಿಸಿ ಕೊಟ್ಟ ಕರ್ಣನ ಕಥೆಯು ನಮ್ಮ ಮನೆಮನೆಯ ಮಕ್ಕಳಿಗೂ ಗೊತ್ತು. ಅದು ಹೋದರೆ ಪ್ರಾಣವು ಹೋದಂತೆ ಎಂದು ತಿಳಿದೇ ಕರ್ಣನು ಕೊಟ್ಟನು. ಆದರೆ ಅವನೆದುರಿಗೆ ಕೈಚಾಚಿದವನು ದೇವೇಂದ್ರ. ದಾನಶೂರನೆಂಬ ಬಿರುದೂ ಮೊದಲೇ ಇತ್ತು. ಈ ಅಮೆರಿಕದವನೆದುರಿಗೆ ಇದ್ದವಳು ಹೆಸರು ಕೂಡ ತಿಳಿಯದ ಒಬ್ಬ ಹೆಣ್ಣುಮಗಳು. ಬಿರುದೆಂದರೆ ಅವನಿಗೆ ಅದುವರೆಗೆ ಇದ್ದುದು ವಿಲಾಸಿ ಎಂಬುದೊಂದೇ.

ದಾರಿಬದಿಯ ಕಲ್ಲು

ಊರಿಗೆ ಮರಳುವಾಗ ಲಂಡನ್ನಿನಲ್ಲಿ ಬಂಧುಗಳ ಮನೆಯಲ್ಲಿ ನಾಲ್ಕು ದಿನ ತಂಗಿದೆವು. ಐರ್ಲೆಂಡಿನ ಆ ಭೂಶಿರವನ್ನು ನೋಡಲು ಕಾಲಾವಕಾಶವಾಗಲಿಲ್ಲ. ಅಲ್ಲಿನ ಹಳೆಯ ಸಂಕೇತಗೋಪುರದಲ್ಲಿ ೨೦೧೫ರಲ್ಲಿ, ನೂರು ವರ್ಷ ತುಂಬಿದಾಗ, ಒಂದು ವಸ್ತುಸಂಗ್ರಹಾಲಯವನ್ನು ತೆರೆದಿದ್ದಾರೆ. ಸಮೀಪದ ಕೋವ್ ಎಂಬ ಬಂದರಿನ ಸ್ಮಶಾನದಲ್ಲಿ ಸತ್ತವರಲ್ಲಿ ನೂರಕ್ಕೂ ಹೆಚ್ಚು ಜನರು ಮಲಗಿದ್ದಾರೆ. ಅದರ ಬದಲಾಗಿ ನಾವು ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಸೀಮೆಯ ಹೋಮ್‌ವುಡ್ ಎಂಬ ಹಳ್ಳಿಗೆ ಹೋದೆವು. ಡಾರ್ಕಿಂಗ್ ಪಟ್ಟಣದಿಂದ ಕೆಳಕ್ಕೆ ಹೋಗುವ ಹೆದ್ದಾರಿಯಲ್ಲಿ ಹುಲ್ಲಿನ ಮೇಲೆ ಒಂದು ಕಲ್ಲು ನಿಂತಿದೆ. ಮೋಟಾರುಗಳು ಬಿರುಗಾಳಿಯಂತೆ ಹಾದುಹೋಗುತ್ತವೆ. ನಿಂತು ನೋಡುವವರು ವಿರಳ.

ಆ ಕಲ್ಲನ್ನು ನೆಡಿಸಿದವರು ಅವನ ಜೊತೆಯಲ್ಲಿ ಬಂಡಿ ಹೊಡೆಯುತ್ತಿದ್ದ ಕೆಲವರು ಇಂಗ್ಲಿಷ್ ಗೆಳೆಯರು. ಲೂಸಿಟೇನಿಯದಲ್ಲಿ ಮಡಿದ ಆಲ್‌ಫ್ರೆಡ್ ವ್ಯಾಂಡರ್‌ಬಿಲ್ಟನು ಧೀರನಾದ ಸಜ್ಜನನೂ ಒಳ್ಳೆಯ ಕ್ರೀಡಾಪ್ರಿಯನೂ ಆಗಿದ್ದನೆಂದೂ, ಅವನು ಮೆಚ್ಚಿದ ದಾರಿಯ ಮೇಲೆಯೇ ಈ ಕಲ್ಲನ್ನು ನಿಲ್ಲಿಸಿದೆವೆಂದೂ ಅದರ ಮೇಲೆ ಬರೆಸಿದ್ದಾರೆ. ಅಷ್ಟೆ. ಕೋಟಿಗಳ ಮಾತಿಲ್ಲ, ಮನೆತನದ ಹೊಗಳಿಕೆಯಿಲ್ಲ.

ಎಪ್ಪತ್ತು ಕೋಣೆಯ ಮನೆಯನ್ನು ನೋಡಿದಾಗ ಉಂಟಾಗದಿದ್ದ ಗೌರವವು ಈ ಕಲ್ಲಿನ ಮುಂದೆ ನನ್ನಲ್ಲಿ ಉಂಟಾಯಿತು. ನಮ್ಮ ಮನೆಯವರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಆಳಿನ ಹೆಸರನ್ನೂ ಒಂದು ಸಾಲು ಬರೆಸಬಹುದಾಗಿತ್ತು. ಅವನೂ ಮಕ್ಕಳನ್ನು ಎತ್ತಿ ತಂದವನೇ ಅಲ್ಲವೆ? ಅವನಿಗೂ ತಾಯಿ ಇದ್ದಿರಬೇಕು" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಾಗಿಯೇ ಡೆನಿಯರನ ಹೆಸರನ್ನು ಈ ಲೇಖನದಲ್ಲಿ ಬಿಡದೆ ಬರೆದಿದ್ದೇನೆ.

ಆಲ್‌ಫ್ರೆಡನ ಮಕ್ಕಳು ಮುಂದೆ ಪ್ರಸಿದ್ಧರಾದರು. ಹಿರಿಯವನು ೧೯೩೯ರಿಂದ ೧೯೪೧ರವರೆಗೆ ರೋಡ್ ಐಲೆಂಡಿನ ಗವರ್ನರನಾಗಿದ್ದನು. ತಂದೆಯು ಹೋದಾಗ ಎರಡು ವರ್ಷದ ಕೂಸಾಗಿದ್ದ ಎರಡನೆಯವನು ತಂದೆಯ ಕುದುರೆಯ ಪ್ರೀತಿಯನ್ನು ಪಡೆದಿದ್ದನು. ಅವನ ನೇಟಿವ್ ಡಾನ್ಸರ್ ಎಂಬ ಬೂದುಬಣ್ಣದ ಕುದುರೆಯು ಓಡಿದ ಇಪ್ಪತ್ತೆರಡು ಪಂದ್ಯಗಳಲ್ಲಿ ಒಂದನ್ನು ಬಿಟ್ಟು ಉಳಿದುವೆಲ್ಲವನ್ನೂ ಗೆದ್ದಿತು. ನ್ಯೂಯಾರ್ಕಿನ ಐದನೆಯ ಬೀದಿಯಲ್ಲಿ ಅವರ ಅಜ್ಜನು ಕಟ್ಟಿಸಿದ್ದ ಮಹಾಮನೆಯಾದರೋ ೧೯೨೦ರ ದಶಕದಲ್ಲಿಯೇ ನೆಲಸಮವಾಯಿತು. ಈಗ ಅಲ್ಲಿ ಬಟ್ಟೆಯ ಅಂಗಡಿಯಿದೆ. ಮನೆಗಳು ಹೋಟೆಲಾದುವು, ಅಂಗಡಿಯಾದುವು, ಚೀಟಿ ಕೊಂಡು ನೋಡುವ ತಾಣಗಳಾದುವು. ಪಿತ್ರಾರ್ಜಿತದ ಗತಿಯೇ ಹಾಗೆ. ಬಂದ ದಾರಿಯಲ್ಲಿಯೇ ಅದು ಕೈಬಿಟ್ಟು ಹೋಗುತ್ತದೆ. ತೇಲುಪಟ್ಟಿಯನ್ನು ಬಿಚ್ಚಿಕೊಟ್ಟ ಆ ಒಂದು ಗಳಿಗೆ ಮಾತ್ರ ಆಲ್‌ಫ್ರೆಡನ ಸ್ವಯಾರ್ಜಿತ. ಅದನ್ನು ಅವನಿಗೆ ಯಾವ ಅಜ್ಜನೂ ಉಯಿಲಿನಲ್ಲಿ ಬರೆದಿರಲಿಲ್ಲ. ಹಾಗೆಂದು ಅವನ ಹಿಂದಿನ ತಪ್ಪುಗಳು ಅಳಿದುವೆಂದು ನಾನು ಹೇಳಲಾರೆ. ನೊಂದವರ ನೋವು ಅವರ ಪಾಲಿಗೆ ಉಳಿದೇ ಇರುತ್ತದೆ. ಆದರೆ ಮನುಷ್ಯನನ್ನು ತೂಗುವಾಗ ಎರಡು ತಟ್ಟೆಗಳನ್ನೂ ನೋಡಬೇಕು.

ಊರಿಗೆ ಬಂದ ವಾರದಲ್ಲಿಯೇ ವಕೀಲರಲ್ಲಿಗೆ ಹೋಗಿ ಹಳೆಯ ಉಯಿಲನ್ನು ಹಿಂದಕ್ಕೆ ಪಡೆದು ಹೊಸದನ್ನು ಬರೆಸಿದೆನು. ಮನೆಯು ಇಬ್ಬರು ಮಕ್ಕಳಿಗೂ ಸಮಪಾಲು. ಮೊದಲು ಕಿರಿಯವನನ್ನು ಕೂರಿಸಿಕೊಂಡು ವಿಷಯವನ್ನು ತಿಳಿಸಿದೆನು. ಅವನು, "ಹೀಗೆ ಆಗಬೇಕೆಂದೇ ನನಗೂ ಇತ್ತು ಅಪ್ಪಾ, ಹೇಳಲು ಧೈರ್ಯವಿರಲಿಲ್ಲ" ಎಂದನು. ಆ ರಾತ್ರಿ ನಾನಾಗಿಯೇ ಬಾಸ್ಟನ್ನಿಗೆ ಫೋನು ಮಾಡಿದೆನು. ಉಯಿಲಿನ ಮಾತನ್ನು ಎತ್ತಲಿಲ್ಲ. ಮೊಮ್ಮಗಳಿಗೆ ಹಲ್ಲು ಬಂದಿತೆ ಎಂದು ಕೇಳಿದೆನು. ಬಂದಿದೆಯಂತೆ, ಕೆಳಗಡೆ ಎರಡು.